ಮೂರನೆಯ ಬೀಸು

ಹಂಚಿನ ಕಾರ್ಖಾನೆಯ ಹಿಂಗೋಡೆಗೆ ಸುಣ್ಣ ಬಳಿದು
ಜಪ್ಪಿನಲ್ಲಿ ಶನಿವಾರ ರಾತ್ರಿ ಮೂಕಿ ಚಿತ್ರ.
ಯಂತ್ರದ ಹಿಡಿ ತಿರುಗಿಸುವುದು ನಾನು,
ಬಾಯಿ ಐತಪ್ಪನದು.

ಗೋಡೆಯ ಮೇಲೊಬ್ಬ ಕುಳ್ಳ. ಮೊಣಕಾಲಿಗೇ ಮುಗಿದ ಪ್ಯಾಂಟು,
ಅವನಷ್ಟೇ ಉದ್ದದ ಕೋಲು.
ಮೀಸೆ ತೀಡಿ, ಎದೆಯುಬ್ಬಿಸಿ
ಆಕಾಶದ ಒಂದು ಮೂಲೆಗೆ ಬೆರಳು ತೋರಿಸುತ್ತಾನೆ:
ಚೆಂಡು ಅಲ್ಲಿಗೆ.

ಬೇಸ್‌ಬಾಲ್ ಅಂದರೆ ಎಂತದೆಂದು
ಜಪ್ಪಿನಿಂದ ಬಂದರಿನವರೆಗೆ ಒಬ್ಬರಿಗೂ ಗೊತ್ತಿಲ್ಲ,
ಐತಪ್ಪನಿಗೆ ಮೊದಲೇ ಇಲ್ಲ. ಆದರೂ ಹೇಳಿದ:
“ಇವ ನಮ್ಮ ತೊಕ್ಕೊಟ್ಟಿನ ಸಿಪ್ರಿಯನ್, ಬೇಕರಿಯ ಗುಮಾಸ್ತ.
ಅಗೊ, ಕೊಡೆ ಹಿಡಿದವಳು ಅತ್ತೆ ಆಗಬೇಕಾದವಳು.”

ಮೊದಲ ಬೀಸು ಗಾಳಿಗೆ. ಟೊಪ್ಪಿ ಹಾರಿತು.
ಎರಡನೆಯದಕ್ಕೆ ಬುಗುರಿಯಂತೆ ತಿರುಗಿ
ಕೋಲಿನ ಸಮೇತ ಕೂತ.
ಹಂಚು ಹೊರುವ ಹೆಂಗಸರು ಸೆರಗು ಬಾಯಿಗೊತ್ತಿದರು.
“ಇನ್ನೂ ಔಟಾಗಲಿಲ್ಲವಾ?” ಯಾರೋ ಹುಡುಗ.

ಐತಪ್ಪ ಒಂದು ಕ್ಷಣ ಸುಮ್ಮನಾದ.
ಹಿಂದಿನ ಆದಿತ್ಯವಾರ ಮೈದಾನದಲ್ಲಿ, ಅಂಡರ್‌ಆರ್ಮ್ ಪಂದ್ಯದಲ್ಲಿ,
‘ಬಾವುಟಗುಡ್ಡೆಗೆ ಕಳಿಸ್ತೇನೆ ನೋಡಿ’ ಎಂದು ಬೆರಳು ತೋರಿಸಿ
ಮೊದಲ ಚೆಂಡಿಗೇ ಗೂಟ ಕಳಕೊಂಡವ ಅವ.
“ಇಲ್ಲ ಮಗಾ” ಎಂದ ಮೆಲ್ಲ,
“ಈ ಆಟದಲ್ಲಿ ಎರಡು ಸಲ ತಪ್ಪಬಹುದು.
ಕರುಣೆ ಇದ್ದವರು ಮಾಡಿದ ಆಟ.”
ಗೊತ್ತಿತ್ತೋ, ಕಟ್ಟಿದನೋ.

ಮೂರನೆಯದಕ್ಕೆ ಕೋಲು ಹೆಗಲಿಗೇರಿತು. ಆಗಲೇ
ಫಿಲ್ಮು ಹರಿಯಿತು.
ಗೋಡೆ ಬರೀ ಗೋಡೆ. ಸುಣ್ಣದ ಮೇಲೊಂದು ಹಲ್ಲಿ.

ನಾನು ಕತ್ತಲೆಯಲ್ಲಿ ಅಂಟು ತಡಕುತ್ತಿದ್ದೆ.
ಐತಪ್ಪ ನಿಲ್ಲಿಸಲಿಲ್ಲ:
“ಬಿತ್ತು ಪೆಟ್ಟು! ಚೆಂಡು ಚಿಮಣಿಯ ಮೇಲಿಂದ ಹೋಯಿತು,
ನೇತ್ರಾವತಿ ದಾಟಿತು, ಅಗೊ ಉಳ್ಳಾಲದಲ್ಲಿ
ಬಲೆ ಹೆಣೆಯುವವ ತಲೆಯೆತ್ತಿ ನೋಡ್ತಿದ್ದಾನೆ...”
ಖಾಲಿ ಗೋಡೆಯ ಮುಂದೆ ಇನ್ನೂರು ಜನ
ಒಟ್ಟಿಗೆ ಕತ್ತು ತಿರುಗಿಸಿದರು, ಹೊಳೆಯ ಕಡೆಗೆ.

ಅಂಟಿಸಿ ಮತ್ತೆ ಹಿಡಿ ತಿರುಗಿಸಿದೆ.
ಕುಳ್ಳ ಕೆಸರಲ್ಲಿ ಬಿದ್ದಿದ್ದ, ಬಾಯಿತುಂಬ ಮಣ್ಣು,
ಚೆಂಡು ಹಿಂದಿನವನ ಕೈಯಲ್ಲಿ.
ಯಾರೂ ನಗಲಿಲ್ಲ.
“ತಪ್ಪು ರೀಲು ಹಾಕಿದೆಯಲ್ಲ ಮಾರಾಯ” ಎಂದು
ನನಗೇ ಬೈದರು.

ಅಂಟಿಸುವಾಗ ಕತ್ತರಿಸಿದ್ದು ನಾಲ್ಕು ಬೆರಳಿನಷ್ಟು,
ನಶ್ಯದ ಡಬ್ಬಿಯಲ್ಲಿ ಇನ್ನೂ ಉಂಟು.
ಕಿಟಕಿಯ ಬೆಳಕಿಗೆ ಹಿಡಿದರೆ
ಕೋಲು ಹೆಗಲ ಮೇಲೆ, ಎದೆ ಮುಂದೆ.
ಚೆಂಡು ಬಂದಿಲ್ಲ.