ಮೂವತ್ತೇಳು, ಶೇಕಡ ನಾಲ್ಕು

ಕ್ಯೂ ಅಂದರೆ ಸಾಲಲ್ಲಿ ನಿಲ್ಲುವುದಲ್ಲ ಕಣೋ,
ಸಾಲು ಮುಂದಕ್ಕೆ ಸರಿಯುವ ಗಳಿಗೆ—
ಮೊದಲ ದಿನವೇ ಹೇಳಿದ್ದಳು ಇಶ್ಬೆಲ್ ಗೆಡಿಸ್,
ಡಂಡೀ ಬಂದರಿನ ಹಳೇ ನಾಟಕಶಾಲೆಯಲ್ಲಿ
ಕೊನೆಯ ಕುರ್ಚಿಗಳ ಹಿಂದೆ, ಗಾಜಿನ ಗೂಡಲ್ಲಿ,
ಒಂದು ಕೈ ಫೇಡರಿನ ಮೇಲೆ, ಇನ್ನೊಂದರಲ್ಲಿ ಚಹಾ.
ಲೋಟ ಕನ್ಸೋಲಿನ ಮೇಲಿಟ್ಟವರಿಗೆ
ಮರುದಿನ ಕೆಲಸವಿಲ್ಲ.

ಸ್ಟ್ಯಾಂಡ್‌ಬೈ ಅಂದರೆ ಉಸಿರು ಹಿಡಿ.
ಗೋ ಅಂದರೆ ಬಿಡು.
ಆ ಎರಡರ ನಡುವೆ ಗೋ ಎಂಬ ಶಬ್ದ
ತಮಾಷೆಗೂ ಯಾರೂ ಆಡಕೂಡದು.
ಒಮ್ಮೆ ಎಲ್ಸ್‌ಪೆತ್, ಹತ್ತರ ಬಸ್ಸಿನ ಮಾತೆತ್ತಿ
ಹೆಡ್‌ಸೆಟ್ಟಿನಲ್ಲಿ ಬಾಯಿ ತಪ್ಪಿದಳು; ನನ್ನ ಬೆರಳು ಒತ್ತಿತು;
ಮಸಣದ ದೃಶ್ಯದಲ್ಲಿ ಸೂರ್ಯ ಹುಟ್ಟಿಬಿಟ್ಟ.
ಹೆಣ ಕಣ್ಣು ಕಿವಿಚಿತು.

ಹನ್ನೆರಡನ್ನು ಕೊಲ್ಲು ಅಂದರೆ ಹನ್ನೆರಡನೇ ದೀಪ ಆರಿಸು.
ಹನ್ನೆರಡನ್ನು ಉಳಿಸು ಅಂದರೂ ಆರಿಸು.
ಕೊಲ್ಲುವವನಿಗಿಂತ ಕಾಯುವವನು ದೊಡ್ಡವನಂತೆ,
ಇಲ್ಲಿ ಇಬ್ಬರದೂ ಒಂದೇ ಗುಂಡಿ.

ಬ್ಲೈಂಡ್ ಅಂದರೆ ಕುರುಡಲ್ಲ:
ಎದುರಿಗೆ ಮದುವೆ ನಡೆಯುತ್ತಿರುತ್ತದೆ,
ಅದರ ಒಂದು ಕಿರಣವನ್ನೂ ಅಲುಗಿಸದೆ
ನಾಲ್ಕನೇ ಅಂಕದ ಜಗಳಕ್ಕೆ ನೀನಾಗಲೇ
ಗುಟ್ಟಾಗಿ ನೀಲಿ ಬೆರೆಸುತ್ತಿರುತ್ತೀಯ.

ಟ್ರ್ಯಾಕಿಂಗ್ ಅಂದರೆ
ಒಮ್ಮೆ ಹೇಳಿದ್ದನ್ನು, ಬೇಡ ಅನ್ನುವ ತನಕ,
ಮುಂದಿನ ಕ್ಯೂಗಳೆಲ್ಲ ಹೊತ್ತು ನಡೆಯುವುದು.
"ನಮ್ಮಮ್ಮನ ಹಾಗೆ" ಅಂದೆ.
ಅವಳು ನಗಲಿಲ್ಲ.
"ಅದಕ್ಕೇ ಬ್ಲಾಕ್ ಅಂತೊಂದಿದೆ" ಅಂದಳು.

ಪಾರ್ಕ್ ಮಾತ್ರ ಅವಳು ಕಲಿಸಲಿಲ್ಲ.
ಕೈಪಿಡಿಯಲ್ಲಿ ಓದಿಕೊಂಡೆ, ಪಿಂಚಣಿ ಕಟ್ಟಿಕೊಂಡು ಅವಳು
ಅರ್ಬ್ರೋತಿಗೆ, ತಂಗಿಯ ಮನೆಗೆ ಹೋದ ಮೇಲೆ.

ಆ ಚಳಿಗಾಲದ ತಾಲೀಮಿನಲ್ಲಿ ಬ್ಲ್ಯಾಕ್‌ಔಟ್ ಕೊಟ್ಟೆ.
ಕತ್ತಲಾಯಿತು. ಪೂರ್ತಿ ಅಲ್ಲ.
ಎಡಗಡೆ ಮೆಟ್ಟಿಲ ಬಾಯಲ್ಲಿ
ಬಿಲ್ಲೆಯಷ್ಟಗಲ ಬೆಳಕು,
ನೀರು ಬೆರೆಸಿದ ಹಾಲಿನ ಹಾಗೆ.
ಗ್ರ್ಯಾಂಡ್‌ಮಾಸ್ಟರನ್ನು ಸೊನ್ನೆಗೆ ಎಳೆದೆ:
ದೊಡ್ಡ ಯಜಮಾನನ ಮಾತನ್ನೂ ಅದು ಕೇಳಲಿಲ್ಲ.
ಪ್ಯಾಚ್ ಜಾಲಾಡಿದೆ, ಡಿಮ್ಮರ್ ತಟ್ಟಿದೆ,
ಏಣಿ ಹತ್ತಿ ಕೇಬಲ್ಲಿನ ಮೂಲ ಹುಡುಕಿದೆ.
ಕೊನೆಗೆ ಪರದೆಯ ಮೂಲೆಯಲ್ಲಿ ಸಿಕ್ಕಿತು—
ಮೂವತ್ತೇಳು, ಶೇಕಡ ನಾಲ್ಕು, ಪಾರ್ಕ್.
ಯಾವ ಕ್ಯೂನಲ್ಲೂ ಅದರ ಹೆಸರಿಲ್ಲ.
ಹನ್ನೊಂದು ನಾಟಕಗಳ ಕಡತ ದಾಟಿ
ಒಂದರಿಂದೊಂದಕ್ಕೆ ನಕಲಾಗಿ ಬಂದಿದೆ,
ಬಾಡಿಗೆ ಮನೆಯ ಗೋಡೆಯ ಮೊಳೆಯಂತೆ.

ಫೋನ್ ಮಾಡಿದೆ.
"ಯಾವ ಮೂವತ್ತೇಳು?"
ಆಮೇಲೆ ಒಂದು ಕೆಟಲ್ ಕುದಿಯುವಷ್ಟು ಹೊತ್ತು ಏನೂ ಇಲ್ಲ.
"ಟಾರ್ಕ್ವಿಲ್ ಇನ್ನೂ ಬರ್ತಾನಾ?"

ಟಾರ್ಕ್ವಿಲ್ ಬೇನ್: ರಾಜ, ಪಾದ್ರಿ, ಮುಳುಗಿದ ಅಂಬಿಗ.
ದೃಶ್ಯ ಮುಗಿದು ಕತ್ತಲಲ್ಲಿ ಮೆಟ್ಟಿಲಿಳಿಯುವಾಗ
ತುಟಿಯೊಳಗೇ ಎಣಿಸುತ್ತಿದ್ದನಂತೆ.
ಅವನೆದೆಯ ಮೈಕನ್ನು ಮುಚ್ಚಲು
ಸೌಂಡಿನವನು ಮರೆತ ಒಂದು ರಾತ್ರಿ
ಇವಳ ಕಿವಿಗೆ ಬಿತ್ತು: ಒಂದು, ಎರಡು, ಮೂರು,
ನಾಲ್ಕು, ಐದು, ಐದು,
ಗೋಡೆ ಸವರುವ ಕೈ.
ಇರುಳುಗುರುಡು.
ಅವನು ಯಾರಿಗೂ ಹೇಳಿರಲಿಲ್ಲ.
ತನಗೆ ಗೊತ್ತೆಂದು ಇವಳು ಅವನಿಗೂ ಹೇಳಲಿಲ್ಲ.
ಮಾರನೆಯ ದಿನ ಬೇಗ ಬಂದು
ನಾಲ್ಕು ಗುಂಡಿ ಒತ್ತಿದಳು, ಅಷ್ಟೆ.

"ಇಲ್ಲ, ಈಗ ಬರೀ ರೇಡಿಯೋ ನಾಟಕ" ಅಂದೆ.
"ಮತ್ತೇನು, ಬಿಡಿಸು.
ಜನ ಪೂರ್ತಿ ಕತ್ತಲಿಗೆ ದುಡ್ಡು ಕೊಟ್ಟಿರ್ತಾರೆ."
ಫೋನಿಟ್ಟಳು, ಅಥವಾ ಲೈನು ಹೋಯಿತು.

ಆ ಸಂಜೆ, ಮೂರನೇ ಗಂಟೆಗೆ ಮುಂಚೆ, ಬಿಡಿಸಿದೆ.
ಬ್ಲ್ಯಾಕ್‌ಔಟ್ ಒತ್ತಿ ನೋಡಿದೆ:
ಬಾವಿ. ಮೆಟ್ಟಿಲು ಎಲ್ಲಿತ್ತೆಂದು
ನನಗೇ ಹೇಳಲಾಗಲಿಲ್ಲ.
ಚಹಾ ಕನ್ಸೋಲಿನ ಮೇಲೇ ಇಟ್ಟುಬಿಟ್ಟಿದ್ದೆ.
ಮಾಡಿದ್ದನ್ನು ಉಳಿಸಲೇ ಎಂದು ಕೇಳಿತು ಪರದೆ.
ಇಲ್ಲಿ ಉಳಿಸು ಅಂದರೆ ಉಳಿಸು ಎಂದೇ ಅರ್ಥ.

ಸ್ಟ್ಯಾಂಡ್‌ಬೈ, ಎಂದಳು ಎಲ್ಸ್‌ಪೆತ್ ಕಿವಿಯಲ್ಲಿ.
ಉಸಿರು ಹಿಡಿದೆ.