ಬಲಗಿವಿ

ಮೂವತ್ತೊಂದು ವರ್ಷ
ಪೂನಾ ರಸ್ತೆ ನನ್ನ ಬಲಗಿವಿಯನ್ನು ತಿಂದಿತು.
ಡ್ರೈವರನ ಕಿಟಕಿ ಆ ಕಡೆ ತಾನೆ?
ಎದುರಿಂದ ಬಂದವರೆಲ್ಲ ಹಾರನ್ನಿನಲ್ಲಿ
ಒಂದೊಂದು ಮೊಳೆ ಹೊಡೆದು ಹೋದರು ಅದರೊಳಗೆ.
ನಾನೂ ಹೊಡೆದೆ, ಸುಳ್ಳೇಕೆ,
ಎಷ್ಟು ಜನರ ಕಿವಿಗೋ.

ಮಂಡಿನೋವಿನ ಡಾಕ್ಟರ ಬಾಗಿಲಲ್ಲಿ, ಟೋಕನ್ ಇಪ್ಪತ್ತೇಳು.
ಕಾಂಪೌಂಡರ್ ಫಕ್ರುದ್ದೀನ್ ಹಳೇ ಪತ್ರಿಕೆ ಬಿಡಿಸಿ,
“ಮಲ್ಲೋಜಿ ಮಾಮ, ಇಲ್ಕೇಳು.
ಫ್ರಾನ್ಸಿನಾಗೆ ಸೈಕಲ್ಲಿಗಂತಲೇ ದಾರಿ ಐತಂತೆ.
ರೈಲು ನಿಂತ ಕಡೆ ಕಂಬಿ ಕಿತ್ತು,
ಕಾಲುವೆ ದಂಡೆ ಹಿಡಿದು, ದ್ರಾಕ್ಷಿ ತೋಟ ಹಾಯ್ದು,
ನೂರಾರು ಮೈಲಿ.
ಕಾರು ಬರಂಗಿಲ್ಲ, ಬಸ್ಸು ಬರಂಗಿಲ್ಲ.”
ಕನ್ನಡಕದ ಮೇಲಿಂದ ನನ್ನ ನೋಡಿ,
“ಲಾರಿಯಂತೂ ಇಲ್ಲವೇ ಇಲ್ಲ.”

ಮೊದಲು ನಗು ಬಂತು. ಆಮೇಲೆ ಸಿಟ್ಟು.
ನನ್ನೊಬ್ಬನನ್ನು ಹೊರಗಿಡಲಿಕ್ಕೆ
ಒಂದು ದೇಶಕ್ಕೆ ದೇಶವೇ ಹಾದಿ ಕಡಿದಿದೆಯೆ?
ಅವರ ದ್ರಾಕ್ಷಿಯನ್ನು ಪೇಟೆಗೆ ಹೊರುವವರು ಯಾರಂತೆ?
ಅಷ್ಟರಲ್ಲಿ ಇಪ್ಪತ್ತೆಂಟು ಒಳಗೆ ಹೋಯಿತು.
ನನ್ನ ನಂಬರು ಕೂಗಿದ್ದು ಬಲಗಡೆಯಿಂದ.

“ನಡೆಯಬೇಡಿ, ತುಳಿಯಿರಿ” ಎಂದರು ಡಾಕ್ಟರು.

ಎಲ್ಲಿ ತುಳಿಯಲಿ, ಈ ದಾವಣಗೆರೆಯಲ್ಲಿ?
ಹದಡಿ ರಸ್ತೆಗೆ ಹೋದರೆ ಟಿಪ್ಪರು.
ಪಿ.ಬಿ. ರಸ್ತೆಯಲ್ಲಿ ಬಸ್ಸು, ಆಟೊ, ಮದುವೆ ಬ್ಯಾಂಡು,
ಯಾರಿಗೂ ಸೇರದ ಒಂದು ಹೋರಿ.
ಬೈಪಾಸು ಬೇಡ. ಅಲ್ಲಿ ಬರುವವರೆಲ್ಲ ನಾನೇ.
ನನ್ನನ್ನು ನಾನು ಬಲ್ಲೆ:

ಐಮಂಗಲದ ಇಳಿಜಾರು, ನಸುಕು,
ಎಡಗನ್ನಡಿಯಲ್ಲಿ ಹಾಲಿನ ಕ್ಯಾನಿನ ಸೈಕಲ್ಲೊಂದು
ಓಲಾಡಿ, ಮಣ್ಣಿಗೆ ಸರಿದು,
ಇಲ್ಲವಾಯಿತು.
ಬ್ರೇಕಿನ ಮೇಲೆ ಕಾಲಿಟ್ಟಿದ್ದೆ. ಒತ್ತಲಿಲ್ಲ.
ಬಿದ್ದನೋ, ಇಳಿದನೋ,
ಹತ್ತೊಂಬತ್ತು ವರ್ಷವಾಯಿತು, ಗೊತ್ತಿಲ್ಲ.

ಭದ್ರಾ ಚಾನಲ್ಲಿನ ಏರಿ ತೋರಿಸಿದವನೂ ಫಕ್ರುದ್ದೀನನೇ.
ಇಲಾಖೆಯವರು ಅಡ್ಡ ನೆಟ್ಟ ಎರಡು ಕಲ್ಲು,
ನಡುವೆ ಮೂರಡಿ ಸಂದು.
ಟ್ರ್ಯಾಕ್ಟರು ಹಿಡಿಯುವುದಿಲ್ಲ.
ಹತ್ತು ಚಕ್ರದವನು ನಾನು, ಎರಡರ ಮೇಲೆ ಹಿಡಿದೆ.

ಒಳಗೆ ಹೋದರೆ ಬೇರೆಯೇ ಹೊತ್ತು.
ಅರ್ಧ ದಾರಿಗೆ ಯಾರೋ ಮೆಕ್ಕೆಜೋಳ ಹರವಿದ್ದಾರೆ,
ಕಾಳು ತುಳಿಯದಂತೆ ಅಂಚಿಗೆ ಸರಿದರೆ
ಕಾಯುತ್ತ ಕೂತ ಮುದುಕಿ ತಲೆಯಾಡಿಸುತ್ತಾಳೆ,
ಟೋಲಿನವನು ಎಂದೂ ಹಾಗೆ ಬಿಟ್ಟವನಲ್ಲ.
ಕೆಳಗೆ ಭತ್ತದ ಹಸಿರು, ಒಗೆಯುವ ಕಲ್ಲಿನ ಸೋಪುನೊರೆ,
ತಂತಿಯ ಮೇಲೆ ಮಿಂಚುಳ್ಳಿ.
ನೀರುಗಂಟಿ ಕೆಂಚವೀರ ಎದುರಾದ,
ಸೈಕಲ್ಲಿನ ಅಡ್ಡಪಟ್ಟಿಗೆ ಸಲಿಕೆ ಕಟ್ಟಿಕೊಂಡು.
“ಇಂಥಾ ಹಾದಿ ಫ್ರಾನ್ಸಿನಲ್ಲಿದೆಯಂತೆ” ಎಂದೆ.
“ಎಲ್ಲಾತು ಅದು, ಶ್ಯಾಗಲೆಯಿಂದಾಚೆಗಾ?”
“ಅಲ್ಲೇ ಸ್ವಲ್ಪ ಮುಂದೆ.”
“ಅಲ್ಲಿಗೆ ನಮ್ಮ ನೀರು ಮುಟ್ಟಲ್ಲ ಬಿಡಿ” ಎಂದು
ತೂಬು ತಿರುವಲು ಹೋದ.

ಹೋಗುವಾಗ ನೀರು ಎಡಕ್ಕೆ.
ತೂಬು ಬಂದಲ್ಲೆಲ್ಲ ಗುಳುಗುಳು, ಪಾವಟಿಗೆಯ ಬಳಿ ಪಿಸುಪಿಸು,
ನನ್ನ ಒಳ್ಳೆಯ ಕಿವಿ ಬೊಗಸೆಯಾಗಿ ಕುಡಿಯುತ್ತದೆ.
ಬರುವಾಗ ನೀರು ಬಲಕ್ಕೆ.
ಅದೇ ಕಾಲುವೆ, ಅದೇ ಬಿಸಿಲು,
ಹೊಳೆಯುತ್ತದೆ, ಮಾತಾಡುವುದಿಲ್ಲ.

ನಿನ್ನೆ ಬರುವಾಗ
ಹಿಂದಿನಿಂದ ಬೆಲ್ಲು ಹೊಡೆದನಂತೆ, ಎಷ್ಟೋ ಸಲ.
ನೀರಿಗೂ ನನಗೂ ನಡುವೆ
ಒಮ್ಮೆಲೇ ಒಂದು ಮೊಣಕೈ, ಒಂದು ಹಾಲಿನ ಕ್ಯಾನು.
“ಕಿವಿ ಕೇಳಂಗಿಲ್ಲೇನಜ್ಜ?”
“ಇಲ್ಲಪ್ಪ” ಎಂದೆ.
ಹ್ಯಾಂಡಲು ಓಲಾಡಿತು. ಮಣ್ಣಿಗೆ ಸರಿದೆ.

ಇಳಿದೆ. ಬೀಳಲಿಲ್ಲ.

ಅವನು ಬ್ರೇಕು ಹಿಡಿದು, ತಿರುಗಿ ನೋಡಿ,
ನಾನು ಕೈಯೆತ್ತಿದ ಮೇಲೆಯೇ ಹೋದ.
ನಾನು ಹಿಂದುಮುಂದಾಗಿ ತಿರುಗಿ
ಎಡಗಿವಿಯನ್ನು ನೀರಿಗೆ ಕೊಟ್ಟು ನಿಂತೆ,
ಆ ಕ್ಯಾನಿನ ಮುಚ್ಚಳದ ಸದ್ದು
ದೂರದಲ್ಲಿ ಪೂರ್ತಿ ಆರುವವರೆಗೆ.