ಏಳನೆಯ ಸಲ

ರಾಸ್ ಅಲ್ ಖೈಮಾದ ಪೊಲೀಸ್ ತರಬೇತಿ ಶಾಲೆಯಲ್ಲಿ
ಪ್ರತಿ ಹೊಸ ತಂಡಕ್ಕೂ ಒಂದು ತಾಸು ನನ್ನದು.
ಕವಾಯತು ಮುಗಿಸಿ, ಬೂಟಿನ ಮರಳು ಕೊಡವಿ
ಇಪ್ಪತ್ತರ ಆಸುಪಾಸಿನ ಹುಡುಗರು ಬಂದು ಕೂರುತ್ತಾರೆ.
ನಾನು ಪೊಲೀಸನಲ್ಲ; ಬೈಂದೂರಿನವ, ದುಭಾಷಿ.
ಬೋರ್ಡಿನ ಮೇಲೆ ಒಂದೇ ಶಬ್ದ ಬರೆಯುತ್ತೇನೆ:
ಆತ್ರಿ.

ಮೊದಲು ಸುಲಭದ್ದು ಹೇಳಿ ನಗಿಸುತ್ತೇನೆ.
ಅರ್ಜಿ, ವಕೀಲ, ಜಾಮೀನು, ಹಾಜರಿ, ಖೈದಿ,
ಇವೆಲ್ಲ ನಿಮ್ಮ ದಂಡೆಯಿಂದ ಹೊರಟು
ವೀಸಾ ಇಲ್ಲದೆ ನಮ್ಮ ಕಚೇರಿ ಹೊಕ್ಕು
ತಲೆಮಾರುಗಟ್ಟಲೆ ನೌಕರಿ ಮಾಡಿದವು.
ಹುಡುಗರಿಗೆ ಖುಷಿ: ನಮ್ಮವೇ!
ಹೌದು, ನಿಮ್ಮವೇ. ನನಗೆ ಸೊಕ್ಕು ಬಂದದ್ದೂ ಅದಕ್ಕೇ,
ಎರಡು ಭಾಷೆಯ ನಡುವಿನ ಸಂಕವನ್ನು
ಕಣ್ಣು ಮುಚ್ಚಿ ದಾಟಬಲ್ಲೆನೆಂದು.

ಆಮೇಲೆ ಮಲ್ಕಪ್ಪ.
ಶಹಾಪುರದ ಕಡೆಯವನು, ಜಲ್ಲಿ ಕ್ರಷರಿನಲ್ಲಿ ಕೆಲಸ,
ರೆಪ್ಪೆಯ ಮೇಲೂ ಬಿಳಿ ಧೂಳು.
ಕಾಣೆಯಾದದ್ದು ನೂರು ಮೀಟರ್ ತಾಮ್ರದ ಕೇಬಲ್.
ರಾತ್ರಿ ಹತ್ತೂವರೆ. ಸಾರ್ಜೆಂಟನಿಗೆ ಮನೆಗೆ ಹೋಗಬೇಕಿತ್ತು.
ನನಗೂ.
"ತೆಗೆದವನು ನೀನೇ. ಇದ್ದದ್ದು ಹೇಳಿ ಮುಗಿಸು."
ನಾನದನ್ನು ಕನ್ನಡದಲ್ಲಿ ಹೇಳಿದೆ. ಅವನು ತಲೆ ತಗ್ಗಿಸಿ
"ಆತ್ರಿ" ಅಂದ.
ಆದದ್ದೂ ಆತು, ಒಪ್ಪಿದ್ದೂ ಆತು,
ಸಾಕಾದದ್ದೂ ಆತು, ಇನ್ನು ಹೇಳುತ್ತೇನೆ ಕೇಳಿ ಎಂಬುದೂ ಆತು.
ನಾನು "ನಅಮ್" ಅಂದೆ. ಹೌದಂತೆ.
ಸಾರ್ಜೆಂಟ್ ಬರೆದುಕೊಂಡು ಪೆನ್ನಿನ ಮುಚ್ಚಳ ಹಾಕಿದ.

ಹನ್ನೊಂದು ದಿನ.

ಕರೆಸಿದವರು ಕ್ಯಾಪ್ಟನ್ ಮೌಝಾ,
ಪೊಲೀಸರನ್ನೇ ವಿಚಾರಿಸುವ ಪೊಲೀಸ್.
ಕನ್ನಡದ ಒಂದಕ್ಷರ ಗೊತ್ತಿಲ್ಲ ಅವರಿಗೆ.
ಅಂದಿನ ಧ್ವನಿಮುದ್ರಣ ಕೇಳುತ್ತ ಕೇಳುತ್ತ
ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಗೀಟು ಎಳೆದಿದ್ದರು.
"ಕೂರು ಅಂದಾಗ ಈ ಸದ್ದು. ನೀರು ಕೊಟ್ಟಾಗ ಈ ಸದ್ದು.
ಫೋನು ಮೇಜಿನ ಮೇಲಿಡು ಅಂದಾಗಲೂ ಇದೇ.
ಆರು ಸಲ ನೀನು ಇದನ್ನು 'ಸರಿ' ಅಂದಿದ್ದೀ.
ಏಳನೆಯ ಸಲ 'ಹೌದು' ಹೇಗಾಯಿತು?"

ಬೈಯಲಿಲ್ಲ. ಗಾವಾ ಆರುತ್ತಿತ್ತು.
ನಾನು ವ್ಯಾಕರಣಕ್ಕೆ ತಡಕಾಡಿದೆ.
ಅವನ ಸೀಮೆಯ ಮಾತು ಬೇರೆ, ನನ್ನ ಕರಾವಳಿ ಬೇರೆ ಎಂದೆ.
"ಆರು ಸಲ ಸೀಮೆ ಅಡ್ಡ ಬರಲಿಲ್ಲವಲ್ಲ."

ಕೇಬಲ್ ಇನ್ನೊಂದು ಗೋದಾಮಿನಲ್ಲಿ ಬೆಚ್ಚಗಿತ್ತು,
ಲೆಕ್ಕದವನು ಪುಟ ತಪ್ಪಿ ಬರೆದಿದ್ದ.
ಸಾರ್ಜೆಂಟನ ತೋಳಿನ ಒಂದು ಪಟ್ಟಿ ಇಳಿಯಿತು.
ಹೊಲಿಗೆ ಬಿಚ್ಚಿದ ಜಾಗದಲ್ಲಿ ಮಾತ್ರ ಬಟ್ಟೆ
ಅಂಗಡಿಯಿಂದ ತಂದ ದಿನದ ಹಾಗೆ ಹೊಸದಾಗಿತ್ತು.
ನನಗೆ ಮೂರು ತಿಂಗಳು ಕೆಲಸವಿಲ್ಲ, ಮತ್ತೆ ಪರೀಕ್ಷೆ,
ಆಮೇಲೆ ಈ ಒಂದು ತಾಸು, ತಂಡದಿಂದ ತಂಡಕ್ಕೆ.
ಇದು ಶಿಕ್ಷೆಯೋ ಕೆಲಸವೋ, ಆದೇಶದಲ್ಲಿ ಬರೆದಿಲ್ಲ.

ಇಲಾಖೆಯ ಕ್ಷಮಾಪಣೆಯನ್ನು ಕನ್ನಡಕ್ಕೆ ತಂದು ಓದಿದವನೂ ನಾನೇ.
ಮಲ್ಕಪ್ಪ ನಿಂತೇ ಕೇಳಿದ, ಕೊನೆಯ ಸಾಲಿನವರೆಗೆ.
"ಹನ್ನೊಂದು ದಿನದ ಪಗಾರ?" ಅಂದ.
ಕ್ರಷರಿನ ಮುನ್ಶಿ ಬಾಗಿಲಲ್ಲಿದ್ದ. "ಮಾಫಿ" ಅಂದ.
ಇಲ್ಲಿಯ ಅರ್ಥದಲ್ಲಿ: ಇಲ್ಲ.
ನಮ್ಮೂರಿನ ಅರ್ಥದಲ್ಲಿ: ಕ್ಷಮೆ.
ಯಾರಿಗೆ ಯಾರದು ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.
ಮೌಝಾ ಫೈಲಿನ ಅಂಚಿಗೆ ಷರಾ ಬರೆದರು:
ಪಗಾರ ಕೈಗೆ ಸಿಗುವ ತನಕ ಮುಚ್ಚತಕ್ಕದ್ದಲ್ಲ.
ಮಲ್ಕಪ್ಪ "ಆತ್ರಿ" ಅಂದು ಹೆಲ್ಮೆಟ್ಟು ಎತ್ತಿಕೊಂಡ.

ಇದು ಎಂಟನೆಯದು, ಅರ್ಥ ಬರೆಯಿರಿ ಎಂದು
ಹುಡುಗರಿಗೆ ಹಾಳೆ ಹಂಚುತ್ತೇನೆ.
ಬಹಳ ಮಂದಿ "ಸರಿ" ಎಂದು ಬರೆಯುತ್ತಾರೆ,
ಕೆಲವರು "ಹೋಗಿ ಬರುತ್ತೇನೆ", ಒಬ್ಬ "ಥೂ" ಎಂದು.
ಕಳೆದ ತಂಡದಲ್ಲಿ, ಹಿಂದಿನ ಬೆಂಚಿನಿಂದ,
ರಮ್ಸ್‌ನ ಮೀನುಗಾರರ ಮನೆಯ ಹುಡುಗ
ಖಾಲಿ ಹಾಳೆ ತಂದುಕೊಟ್ಟ.
"ಅವನನ್ನೇ ಕೇಳಬೇಕಿತ್ತು" ಅಂದ.

ಅಂಕ ಕೊಡುವ ಅಧಿಕಾರ ನನಗಿಲ್ಲ.
ಹಾಳೆಯನ್ನು ಮೌಝಾ ಅವರಿಗೆ ಕಳಿಸಿದೆ,
ಇನ್ನೂ ತೆರೆದೇ ಇರುವ ಆ ಫೈಲಿಗೆ.